ಸಲಕರಣೆಗಳ ಪಟ್ಟಿಯಲ್ಲಿ ಒಂದು ಕಸೂತಿ ಸ್ಟ್ಯಾಂಡಿಗೂ ಜಾಗ ಕೊಡಿ: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಬಹಿರಂಗ ಪತ್ರ

ಮಾನ್ಯ ಮಹಾಪೌರರಿಗೆ, ಮಾನ್ಯ ಆಯುಕ್ತರಿಗೆ ಹಾಗೂ ಪಾಲಿಕೆಯ ಎಲ್ಲ ಸದಸ್ಯರಿಗೆ,

ಧಾರವಾಡದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ನಮಸ್ಕಾರಗಳು.

ಈ ಪತ್ರ ಬರೆಯುವಾಗ ಕಾಗದ ಜಾರದಿರಲೆಂದು ಅದರ ಅಂಚಿಗೆ ಹಿತ್ತಾಳೆಯ ಗಿಂಡಿಯೊಂದನ್ನು ಇಟ್ಟಿದ್ದೇನೆ. ಮೊದಲು ಆ ಕೆಲಸ ನನ್ನ ಎಡಗೈಯದಾಗಿತ್ತು. 2021ರ ದೀಪಾವಳಿ ಮುಗಿದ ವಾರ ನನಗೆ ಲಕ್ವ ಹೊಡೆಯಿತು. ಎಡಗೈ ಪೂರ್ತಿ ಹೋಯಿತು, ಎಡಗಾಲು ಅರ್ಧ ಉಳಿಯಿತು. ಮಾತು ಉಳಿದದ್ದು ದೇವರ ದಯೆ. ನಾಲ್ಕು ಕಾಲಿನ ಊರುಗೋಲು ಹಿಡಿದು ಮನೆಯೊಳಗೆ, ಓಣಿಯ ತುದಿಯವರೆಗೆ ನಡೆಯುತ್ತೇನೆ. ಸರ್ಕಾರದ ಕಾಗದಗಳಲ್ಲಿ ನಾನು ವಿಕಲಚೇತನಳು. ನನ್ನ ಚೇತನಕ್ಕೆ ಏನೂ ಆಗಿಲ್ಲ, ಕೈಕಾಲಿಗೆ ಆಗಿದೆ. ಆದ್ದರಿಂದ ನಾನು ಅಂಗವಿಕಲೆ ಎಂದೇ ಬರೆದುಕೊಳ್ಳುತ್ತೇನೆ.

ಕಾಯಿಲೆ ಬಿದ್ದ ದಿನದಿಂದ ಇಂದಿನವರೆಗೆ ಎಷ್ಟೋ ಜನ ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದಾರೆ. ಊಟ ಮಾಡಲು ಬರುತ್ತದೆಯೇ, ಸೀರೆ ಉಟ್ಟುಕೊಳ್ಳಲು ಬರುತ್ತದೆಯೇ, ಶೌಚಾಲಯಕ್ಕೆ ಒಬ್ಬರೇ ಹೋಗುತ್ತೀರಾ, ಪಿಂಚಣಿ ಬರುತ್ತದೆಯೇ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಯಿತೇ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೂವತ್ತು ವರ್ಷ ದಿನವೂ ಸಂಜೆ ನನ್ನ ಕೈ ಏನು ಮಾಡುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳುವ ಪದ್ಧತಿ ನಮ್ಮ ಊರಿನಲ್ಲಿ ಶುರುವಾಗಲಿ ಎಂದು ಬೇಡಿಕೊಳ್ಳಲು ಈ ಪತ್ರ.

ನನ್ನ ಕೈ ಕಸೂತಿ ಹಾಕುತ್ತಿತ್ತು. ಧಾರವಾಡದವರಿಗೆ ಕಸೂತಿಯ ಬಗ್ಗೆ ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೆ. ಆದರೆ ಹೊಸ ತಲೆಮಾರು ಅದನ್ನು ಅಂಗಡಿಯ ಗಾಜಿನ ಹಿಂದೆ ಮಾತ್ರ ನೋಡಿದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಗೋಪುರ, ಕಳಸ, ತೇರು, ತೊಟ್ಟಿಲು, ಆನೆ ಅಂಬಾರಿ, ತುಳಸಿ ವೃಂದಾವನ ಎಬ್ಬಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಹೋಗುವಾಗ ಎಣಿಸಿದ ಎಳೆಗಳ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತಾ ಹೋಗುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವ ದಾರಿ ಕೂಡುವುದಿಲ್ಲ. ನನ್ನ ಅವ್ವ ಇಳಕಲ್ ಸೀರೆಯ ಮೇಲೆ ಕಲಿಸಿದ ವಿದ್ಯೆ ಇದು. ನಾನು ಇದನ್ನು ಮಾರಿ ಒಂದು ರೂಪಾಯಿ ಗಳಿಸಿದವಳಲ್ಲ. ಹತ್ತಿರದವರ ಮದುವೆಗೆ, ತೊಟ್ಟಿಲ ಕಾರ್ಯಕ್ಕೆ ಹಾಕಿಕೊಡುತ್ತಿದ್ದೆ, ಅಷ್ಟೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ತಿಂಗಳು ನನ್ನ ಸೊಸೆ ರಿಂಗಿಗೆ ಬಟ್ಟೆ ಬಿಗಿದು, ಸೂಜಿಗೆ ದಾರ ಪೋಣಿಸಿ ನನ್ನ ತೊಡೆಯ ಮೇಲಿಟ್ಟಳು. "ಅತ್ತೆ, ಸುಮ್ಮನೆ ಕೈಯಾಡಿಸಿ, ಸರಿಯಾಗಿ ಬರಲೇಬೇಕೆಂದಿಲ್ಲ" ಎಂದಳು. ಎಡಗೈಯ ಹಿಡಿತವಿಲ್ಲದ ರಿಂಗು ಸೂಜಿ ತಾಗಿದಲ್ಲೆಲ್ಲ ತಿರುಗಿತು. ಸೊಸೆಯೇ ಅರ್ಧ ಗಂಟೆ ಅದನ್ನು ಹಿಡಿದು ಕುಳಿತಳು. ಒಂದು ಚಿಕ್ಕ ಗೋಪುರ ಹಾಕಿದೆ. ಮುಗಿಯಿತು ಎಂದು ತೃಪ್ತಿಯಿಂದ ಸೂಜಿ ಇಟ್ಟೆ. ಅವಳು ಏನೂ ಹೇಳದೆ ಬಟ್ಟೆಯನ್ನು ನನ್ನ ಬಲಗಡೆಗೆ ಸರಿಸಿದಳು. ಆಗ ಕಂಡಿತು. ಗೋಪುರದ ಬಲಭಾಗ ಮಾತ್ರ ಇತ್ತು. ಎಡಭಾಗ ಇರಲೇ ಇಲ್ಲ.

ಆ ದಿನ ನಾನು ಅತ್ತಷ್ಟು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗುತ್ತದೆ, ಇದು ಕಣ್ಣಿನ ದೋಷವಲ್ಲ ಎಂದು ವೈದ್ಯರು ಆಮೇಲೆ ವಿವರಿಸಿದರು. ಆಗ ಹಿಂದಿನ ದಿನಗಳು ಅರ್ಥವಾದವು. ತಟ್ಟೆಯ ಬಲಕ್ಕಿದ್ದ ರೊಟ್ಟಿ ತಿಂದು, ಎಡಕ್ಕಿದ್ದ ಶೇಂಗಾ ಚಟ್ನಿ ಮುಟ್ಟದೆ, ಚಟ್ನಿ ಯಾಕೆ ಬಡಿಸಿಲ್ಲ ಎಂದು ಕೇಳುತ್ತಿದ್ದೆ. ಎಡಗಡೆ ಕುಳಿತ ಮೊಮ್ಮಗಳು ಕರೆದರೆ ಬಲಗಡೆ ಹುಡುಕುತ್ತಿದ್ದೆ.

ಪರಿಹಾರ ಹೇಳಿದವಳು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ. ಬಟ್ಟೆಯ ಎಡ ಅಂಚಿನುದ್ದಕ್ಕೂ ದಪ್ಪ ಕೆಂಪು ದಾರವೊಂದನ್ನು ಹೊಲಿಸಿದಳು. "ಪ್ರತಿ ಸಾಲು ಶುರು ಮಾಡುವ ಮೊದಲು ಈ ಕೆಂಪು ದಾರ ಕಾಣುವವರೆಗೆ ಕತ್ತು ತಿರುಗಿಸಿ ಅಮ್ಮ, ಕಂಡ ಮೇಲೆ ಎಣಿಸಿ" ಎಂದಳು. ಅವಳು ಅದಕ್ಕೆ ಮೊದಲು ಗೋಡೆಗೆ ಚೀಟಿ ಅಂಟಿಸಿ, ಕಾಗದದ ಮೇಲೆ ಗೆರೆ ಎಳೆಸಿ ಇದೇ ಅಭ್ಯಾಸ ಮಾಡಿಸಿದ್ದಳು. ಹತ್ತು ನಿಮಿಷಕ್ಕೆ ನನಗೆ ಬೇಸರ ಬರುತ್ತಿತ್ತು. ಕಸೂತಿಗೆ ಎಂದಾಗ ಒಂದು ಗಂಟೆ ಕತ್ತು ತಿರುಗಿಸಿದೆ, ಮರುದಿನವೂ ತಿರುಗಿಸಿದೆ. ನಾಲ್ಕು ತಿಂಗಳಲ್ಲಿ ತಟ್ಟೆಯ ಎಡಬದಿಯೂ ನನಗೆ ಕಾಣಲು ಶುರುವಾಯಿತು, ರಸ್ತೆ ದಾಟುವಾಗ ಎಡಗಡೆಯಿಂದ ಬರುವ ಆಟೋ ಕೂಡ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ನನಗಂತೂ ಬೇರೆ ಯಾವ ವ್ಯಾಯಾಮಕ್ಕಿಂತ ಹೆಚ್ಚಾಗಿ ಆ ಕೆಂಪು ದಾರ ಒದಗಿತು.

ರಿಂಗು ಹಿಡಿಯುವ ಸಮಸ್ಯೆ ಉಳಿದಿತ್ತು. ಎಷ್ಟು ದಿನ ಸೊಸೆಯ ಕೈಯನ್ನು ಕಟ್ಟಿಹಾಕಲಿ? ನಮ್ಮ ಓಣಿಯ ಬಡಿಗೇರರು ಬಂದು ನನ್ನ ಕುರ್ಚಿಯ ಎತ್ತರ ಅಳೆದುಕೊಂಡು ಹೋದರು. ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿಯುವ, ಬೇಕಾದಂತೆ ಬಾಗಿಸಬಹುದಾದ ಕಟ್ಟಿಗೆಯ ತೋಳು, ಅದರ ತುದಿಗೆ ರಿಂಗು. ಮೊದಲನೆಯದು ಅಲುಗಾಡಿತು, ಎರಡನೆಯದು ಎತ್ತರವಾಯಿತು, ಮೂರನೆಯದು ಸರಿಹೋಯಿತು. ಕಟ್ಟಿಗೆ, ಕೂಲಿ, ಕ್ಲಾಂಪು ಎಲ್ಲ ಸೇರಿ 650 ರೂಪಾಯಿ. ಸೂಜಿಯನ್ನು ಸಾಬೂನಿನ ತುಂಡಿಗೆ ನೆಟ್ಟು ನಿಲ್ಲಿಸಿದರೆ ಒಂದೇ ಕೈಯಲ್ಲಿ ದಾರ ಪೋಣಿಸಬಹುದು ಎಂದು ನಾನೇ ಕಂಡುಕೊಂಡೆ. ಇಳಕಲ್ ಸೀರೆಯ ಸಣ್ಣ ಎಳೆಗಳನ್ನು ಬಿಟ್ಟು, ಹೊಸದಾಗಿ ಕಲಿಯುವವರಿಗೆ ಕೊಡುವ ಮ್ಯಾಟಿ ಬಟ್ಟೆಗೆ ಇಳಿದೆ. ಅದರಲ್ಲಿ ಎಳೆಗಳು ದಪ್ಪ, ಎಣಿಕೆ ಸುಲಭ. ಎರಡು ಕೈಯಿದ್ದಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಈಗ ಒಂದೇ ಕೈ ಸೂಜಿಯನ್ನು ಮೇಲಿಂದ ಚುಚ್ಚಿ, ಚೌಕಟ್ಟು ಬಳಸಿ ಕೆಳಗೆ ಹೋಗಿ ಎಳೆದು, ಮತ್ತೆ ಮೇಲಕ್ಕೆ ಬರಬೇಕು. ಎರಡು ಸಂಜೆಗೆ ಮುಗಿಯುತ್ತಿದ್ದ ನವಿಲು ಮೂರು ವಾರ ಹಿಡಿಯುತ್ತದೆ. ಹಿಡಿಯಲಿ. ಆ ಮೂರು ವಾರ ನಾನು ಕಾಯಿಲೆಯವಳಲ್ಲ, ನವಿಲು ಹಾಕುತ್ತಿರುವವಳು.

ಇಷ್ಟೆಲ್ಲ ಮನೆಯ ಸುದ್ದಿಯನ್ನು ಪಾಲಿಕೆಗೆ ಯಾಕೆ ಬರೆಯುತ್ತಿದ್ದೇನೆ ಎಂದು ತಮಗೆ ಅನಿಸಬಹುದು. ನನಗೆ ಸಿಕ್ಕ ಸೊಸೆ, ಸಿಕ್ಕ ಬಡಿಗೇರರು, ಸಿಕ್ಕ ಫಿಸಿಯೋಥೆರಪಿ ಹುಡುಗಿ ಎಲ್ಲರಿಗೂ ಸಿಗುವುದಿಲ್ಲ, ಅದಕ್ಕೆ.

ಚಿಕಿತ್ಸೆಗೆ ಹೋಗುತ್ತಿದ್ದ ಕಡೆ ನನ್ನಂತೆಯೇ ಎಡಭಾಗ ಹೋದ ಹುಬ್ಬಳ್ಳಿಯ ಹಿರಿಯರೊಬ್ಬರ ಪರಿಚಯವಾಯಿತು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಪೇಟಿ ನುಡಿಸುವುದು ಅವರ ಪ್ರಾಣ. ಹಾರ್ಮೋನಿಯಂ ಪೇಟಿಗೆ ಒಂದು ಕೈ ಸ್ವರದ ಮನೆಗಳ ಮೇಲೆ ಬೇಕು, ಇನ್ನೊಂದು ಕೈ ಗಾಳಿ ತುಂಬಬೇಕು. ಅವರ ಗಾಳಿಯ ಕೈಯೇ ಹೋಗಿತ್ತು. ಪೇಟಿಗೆ ಬಟ್ಟೆ ಹೊದಿಸಿ ಅಟ್ಟಕ್ಕೆ ಏರಿಸಿಬಿಟ್ಟಿದ್ದರು. "ಅಕ್ಕಾವರೇ, ಮನೆಯಲ್ಲಿ ಹೆಣ ಇಟ್ಟುಕೊಂಡಂತೆ ಅನಿಸುತ್ತಿತ್ತು, ಅದಕ್ಕೇ ಮೇಲೆ ಇಡಿಸಿದೆ" ಎಂದು ನನಗೆ ಹೇಳಿದ್ದರು. ಒಂದು ವರ್ಷ ಹಾಗೇ ಹೋಯಿತು. ಆಮೇಲೆ ಅವರನ್ನು ನೋಡಲು ಬಂದ ಹಳೆಯ ಗೆಳೆಯರೊಬ್ಬರಿಗೆ ನಾಟಕ ಕಂಪನಿಗಳ ಕಾಲುಪೇಟಿ ನೆನಪಾಯಿತು. ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಮಾಸ್ತರರು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ಗಾಳಿ ಒತ್ತುತ್ತಾ ಎರಡೂ ಕೈ ಮನೆಗಳ ಮೇಲಿಟ್ಟು ನುಡಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಮೂಲೆ ಸೇರಿದ್ದ ಒಂದು ಕಾಲುಪೇಟಿಯನ್ನು ಗದಗ ಕಡೆಯಿಂದ ಹುಡುಕಿ ತಂದರು, ಹರಿದ ಚರ್ಮ ಬದಲಿಸಿದರು. ಬಲಗಾಲು ಗಾಳಿ ಒತ್ತುತ್ತದೆ, ಬಲಗೈ ನುಡಿಸುತ್ತದೆ. ಮೊದಲ ದಿನ ಅವರು ಭೀಮಪಲಾಸಿ ರಾಗದ ಆರೋಹ ಅವರೋಹ ಮಾತ್ರ ನುಡಿಸಿದರಂತೆ. ಮನೆಯವರೆಲ್ಲ ಬಾಗಿಲಲ್ಲಿ ನಿಂತು ಕೇಳಿದರಂತೆ.

ವರ್ಷಗಟ್ಟಲೆ ಮೊದಲೇ ನಮ್ಮ ನಾಡಿನಲ್ಲಿ ಇದ್ದ ವಸ್ತು ಅದು. ಇಂಥವರಿಗೆ ಇಂಥದು ಒದಗುತ್ತದೆ ಎಂದು ಹೇಳುವ ಒಂದು ಬಾಯಿ ಇಲ್ಲದ್ದಕ್ಕೆ ಒಂದು ವರ್ಷ ಅಟ್ಟದ ಪಾಲಾಯಿತು. ಈ ವ್ಯರ್ಥವಾದ ವರ್ಷಗಳ ಬಗ್ಗೆಯೇ ನನ್ನ ಸಂಕಟ. ಕುಂದಗೋಳ ಕಡೆಯ ರೈತರೊಬ್ಬರು ಅಪಘಾತದಲ್ಲಿ ಕಾಲು ಕಳೆದುಕೊಂಡ ಮೇಲೆ ನೆಲಕ್ಕೆ ಕುಳಿತುಕೊಳ್ಳಲಾಗದೆ ಭಜನೆ ಬಿಟ್ಟಿದ್ದರು. ಕೊನೆಗೆ ಊರಿನ ಭಜನಾ ಮಂಡಳಿಯವರೆಲ್ಲ ಜಮಖಾನೆ ಬಿಟ್ಟು ಬೆಂಚುಗಳ ಮೇಲೆ ಕುಳಿತರು, ಇವರೂ ಸಾಲಿನಲ್ಲಿ ಸೇರಿದರು. ಬೆನ್ನುಹುರಿಗೆ ಪೆಟ್ಟಾದ ಒಬ್ಬ ತರುಣ ಗಾಲಿಕುರ್ಚಿಯ ಕೈಗೆ ಕ್ಯಾಮೆರಾ ಬಿಗಿದುಕೊಂಡು ಕೆರೆಯ ಹಕ್ಕಿಗಳ ಚಿತ್ರ ತೆಗೆಯಲು ಹೊರಟ. ಅವನು ಹೋದ ಉದ್ಯಾನದ ಬಾಗಿಲಲ್ಲಿ ಬೈಕು ನುಗ್ಗದಂತೆ ನೆಟ್ಟ ಕಂಬಗಳು ಅವನ ಗಾಲಿಯನ್ನೂ ತಡೆದವು.

ಕಾನೂನು ನಮ್ಮ ಪರವಾಗಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ 29ನೆಯ ಪ್ರಕರಣದ ಹೆಸರೇ ಸಂಸ್ಕೃತಿ ಮತ್ತು ಮನರಂಜನೆ. ಅಂಗವಿಕಲರಿಗೂ ಇತರರಂತೆ ಸಾಂಸ್ಕೃತಿಕ ಜೀವನ ನಡೆಸುವ, ಮನರಂಜನೆಯಲ್ಲಿ ಭಾಗವಹಿಸುವ ಹಕ್ಕು ಇದೆ, ಸರ್ಕಾರಗಳೂ ಸ್ಥಳೀಯ ಸಂಸ್ಥೆಗಳೂ ಅದಕ್ಕೆ ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ. ಮನರಂಜನಾ ಚಟುವಟಿಕೆಗಳಿಗೆ ನೆರವಾಗುವ ಸಲಕರಣೆಗಳನ್ನು ಅಭಿವೃದ್ಧಿಪಡಿಸುವುದೂ ಅಲ್ಲಿ ಪಟ್ಟಿಯಾಗಿದೆ. ಭಾರತ 2007ರಲ್ಲಿ ಒಪ್ಪಿ ಸಹಿ ಮಾಡಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಅಂದರೆ ನನ್ನ 650 ರೂಪಾಯಿಯ ಕಟ್ಟಿಗೆ ತೋಳಿನ ವಿಷಯ ದೆಹಲಿಯ ಕಾಯ್ದೆಗೆ ಹೊಳೆದಿದೆ. ಕಾಯ್ದೆಯಿಂದ ನಮ್ಮ ಓಣಿಯ ತನಕ ಬರುವ ದಾರಿಯಲ್ಲಿ ಅದು ಎಲ್ಲೋ ಕಳೆದುಹೋಗುತ್ತದೆ.

ಎಲ್ಲಿ ಕಳೆಯುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡೆ. ಅಂಥದೇ ಒಂದು ಸ್ಟ್ಯಾಂಡು ಮಾಡಿಸಿಕೊಡಬಹುದೇ ಎಂದು ಇನ್ನೊಬ್ಬ ಹೆಣ್ಣುಮಗಳ ಪರವಾಗಿ ಒಂದು ಕಚೇರಿಗೆ ಅರ್ಜಿ ಒಯ್ದಿದ್ದೆ. ಮೇಜಿನ ಆ ಬದಿಯವರು ಸೌಜನ್ಯದಿಂದಲೇ ಕೇಳಿದರು: "ಇದು ಉದ್ಯೋಗಕ್ಕೇನು ತಾಯಿ?" ಅಲ್ಲ, ಹವ್ಯಾಸಕ್ಕೆ ಎಂದೆ. "ಹೊಲಿಗೆ ಯಂತ್ರವಾದರೆ ಪಟ್ಟಿಯಲ್ಲಿದೆ, ಇದು ಇಲ್ಲ" ಎಂದು ಅರ್ಜಿಯನ್ನು ಮರಳಿಸಿದರು. ಅವರು ಸುಳ್ಳು ಹೇಳಲಿಲ್ಲ, ಅವರ ಮುಂದಿದ್ದ ಪಟ್ಟಿಯಲ್ಲಿ ಅದು ಇರಲಿಲ್ಲ. ಹೊಲಿಗೆ ಯಂತ್ರ, ಮೂರು ಗಾಲಿಯ ಸ್ಕೂಟರು, ಗಾಲಿಕುರ್ಚಿ ಬೇಡ ಎನ್ನುವ ಮೂರ್ಖತನ ನನ್ನದಲ್ಲ. ಅವು ಎಷ್ಟೋ ಮನೆಗಳ ಒಲೆ ಉರಿಸಿವೆ. ಆದರೆ ಅಂಗವಿಕಲರಾದವರು ಗಳಿಸಿದರೆ ಮಾತ್ರ ಅವರ ಕೈಗೆ ಸಲಕರಣೆ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಎರಡು ಕೈಯಿರುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಅವರಿಗಾಗಿ ಉದ್ಯಾನ ಕಟ್ಟುವಾಗ, ಆಟದ ಮೈದಾನ ಮಾಡುವಾಗ, ಇದರಿಂದ ನಿಮಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಯಾವ ಪಾಲಿಕೆಯೂ ವಿಚಾರಿಸುವುದಿಲ್ಲ.

ಹವ್ಯಾಸವನ್ನು ದೇಹಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಮೊದಲು ತೆಳುವಾಗಿ, ಎತ್ತರದ ಶ್ರುತಿಯಲ್ಲಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಂತೆ ಇಳಿಯಿತು. ಅವರು ಶ್ರುತಿಯನ್ನು ಇಳಿಸಿಕೊಂಡು ಹಾಡಿದರು, ಆ ಇಳಿದ ದನಿಯನ್ನೇ ಇಡೀ ದೇಶ ಗುರುತಿಸಿತು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಎಷ್ಟು ಅಂಧ ಮಕ್ಕಳ ಕೈಗೆ ಪೇಟಿ, ತಬಲಾ, ಪಿಟೀಲು ಕೊಟ್ಟರು! ಅವರು ಮಕ್ಕಳಿಗೆ ಊಟ ಹಾಕಿದ್ದು ದೊಡ್ಡದು. ಊಟದ ಜೊತೆಗೆ ರಾಗವನ್ನೂ ಕೊಟ್ಟರು. ಬಾಲ್ಯದಲ್ಲೇ ಅಂಗ ಊನವಾದವರಿಗೆ ಇಂಥ ಆಶ್ರಯ ನಮ್ಮ ಸೀಮೆಯಲ್ಲಿ ಹುಟ್ಟಿತು. ಐವತ್ತು ದಾಟಿದ ಮೇಲೆ ಕೈ ಹೋದವರಿಗೆ, ಇಪ್ಪತ್ತೆರಡಕ್ಕೆ ಬೈಕಿನಿಂದ ಬಿದ್ದವರಿಗೆ, ಅವರು ಮೊದಲೇ ಪ್ರೀತಿಸಿದ್ದನ್ನು ಹೊಸ ದೇಹದಲ್ಲಿ ಮತ್ತೆ ಕಲಿಯಲು ಒಂದು ಜಾಗವಿಲ್ಲ.

ನಾನು ಕೇಳುವುದು ಆ ಜಾಗವನ್ನು. ಧಾರವಾಡಕ್ಕೊಂದು, ಹುಬ್ಬಳ್ಳಿಗೊಂದು ನೆಲಮಹಡಿಯ ಕೋಣೆ ಸಾಕು. ಹೊಸ ಕಟ್ಟಡ ಬೇಡ. ವಾರಕ್ಕೆ ಒಂದು ದಿನ ಅಲ್ಲಿ ಒಬ್ಬ ಬಡಿಗೇರರು, ಒಬ್ಬ ಕಮ್ಮಾರರು, ಒಬ್ಬ ದರ್ಜಿ ಕುಳಿತಿರಲಿ, ಅವರ ಜೊತೆ ಒಬ್ಬ ಫಿಸಿಯೋಥೆರಪಿಸ್ಟ್ ಇರಲಿ. ಬಂದವರು ತಮಗೇನು ಬೇಕೆಂದು ಹೇಳಲಿ: ಕೇರಂ ಆಡಲು ಎತ್ತರದ ಸ್ಟ್ಯಾಂಡು, ನಡ ಬಗ್ಗಿಸದೆ ಗಿಡ ನೆಡಲು ಸೊಂಟದೆತ್ತರದ ಮಣ್ಣಿನ ಪೆಟ್ಟಿಗೆ, ಒಂದೇ ಕೈಯಲ್ಲಿ ಪುಸ್ತಕ ಓದಲು ಪುಟ ಮುಚ್ಚದಂತೆ ಹಿಡಿಯುವ ಕಟ್ಟಿಗೆಯ ಪೀಠ. ಇವು ಯಾವುದೂ ಪೇಟೆಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಸಿಕ್ಕರೂ ಒಬ್ಬರ ಅಳತೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ನನ್ನದು ಮೂರನೆಯ ಸಲಕ್ಕೆ ಸರಿಹೋಯಿತು ಎಂದು ಬರೆದೆನಲ್ಲ, ಆ ಮೂರು ಸಲಕ್ಕೆ ಸಹನೆಯಿರುವ ಕೈಗಳು ಬೇಕು. ನಗರ ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆಂದು ಶೇಕಡ 5ರ ನಿಧಿಯನ್ನು ತೆಗೆದಿಡುತ್ತವೆ. ಅದರಲ್ಲಿ ಒಂದು ಚಿಕ್ಕ ಪಾಲನ್ನು ಇದಕ್ಕೆ ಮೀಸಲಿಡಿ, ಪಟ್ಟಿಗೆ "ಹವ್ಯಾಸದ ಸಲಕರಣೆ" ಎಂಬ ಒಂದು ಸಾಲು ಸೇರಿಸಿ ಎಂದು ಬೇಡುತ್ತೇನೆ. ಮನೆಮನೆಗೆ ಹೋಗುವ ನಗರ ಪುನರ್ವಸತಿ ಕಾರ್ಯಕರ್ತರ ನಮೂನೆಯಲ್ಲಿ ಒಂದು ಪ್ರಶ್ನೆ ಹೆಚ್ಚಾಗಲಿ: "ಮೊದಲು ನಿಮಗೆ ಯಾವುದರಲ್ಲಿ ಆಸಕ್ತಿ ಇತ್ತು?" ಆ ಕಾರ್ಯಕರ್ತರೂ ಸ್ವತಃ ಅಂಗವಿಕಲರೇ, ಅವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಸಭಾಂಗಣಗಳ ಬಗ್ಗೆಯೂ ಎರಡು ಮಾತು. ಧಾರವಾಡದಲ್ಲಿ ಹುಟ್ಟಿ ಸಂಗೀತ ಕೇಳದೆ ಇರುವುದು ಕಷ್ಟ. ಕಳೆದ ವರ್ಷ ಒಂದು ಸಭಾಂಗಣಕ್ಕೆ ಕಛೇರಿ ಕೇಳಲು ಹೋಗಿ, ಐದು ಮೆಟ್ಟಿಲು ಹತ್ತಲಾಗದೆ ಹೊರಗಿನ ಕಟ್ಟೆಯ ಮೇಲೆ ಕುಳಿತು ನಿಧಾನಗತಿಯ ವಿಲಂಬಿತವನ್ನಷ್ಟು ಕೇಳಿ ಮನೆಗೆ ಬಂದೆ. ಇಬ್ಬರು ಹುಡುಗರು ಎತ್ತಿಕೊಂಡು ಹೋಗುತ್ತೇವೆ ಎಂದರು. ಅವರ ಮನಸ್ಸು ಒಳ್ಳೆಯದು. ಆದರೆ ರಾಗ ಕೇಳಲು ಹೋದವಳನ್ನು ಮೂಟೆಯಂತೆ ಎತ್ತಿ ಒಳಗೆ ಒಯ್ದರೆ, ಆಮೇಲೆ ರಾಗ ಕಿವಿಗೆ ಇಳಿಯುವುದಿಲ್ಲ. ಇನ್ನೊಂದು ಕಡೆ ಮೆಟ್ಟಿಲ ಮೇಲೆ ಹಲಗೆ ಹಾಸಿ ಇಳಿಜಾರು ಎಂದಿದ್ದರು. ಇಳಿಜಾರಿಗೆ ಲೆಕ್ಕವಿದೆ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೆಟ್ಟಿಲೊಂದಕ್ಕೆ 15 ಸೆಂಟಿಮೀಟರ್ ಹಿಡಿದರೂ ಐದು ಮೆಟ್ಟಿಲಿಗೆ 9 ಮೀಟರ್ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದದ್ದು ಬೀಳಿಸುತ್ತದೆ. ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಇಂಥ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವೂ 2024ರ ನವೆಂಬರ್‌ನಲ್ಲಿ ಹೇಳಿದೆ.

ನಮ್ಮ ಅವಳಿ ನಗರಕ್ಕೆ ಇದು ಅಸಾಧ್ಯವಲ್ಲ ಎಂದು ನನಗೆ ತೋರಿಸಿಕೊಟ್ಟದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕೆ ಬರುವುದರಿಂದ, ಹಳೆಯ ಬಸ್ಸಿನ ಎತ್ತರದ ಮೆಟ್ಟಿಲು ಏರಲಾಗದ ನಾನು ಊರುಗೋಲು ಮುಂದಿಟ್ಟು ನಡೆದುಕೊಂಡೇ ಒಳಗೆ ಹೋಗುತ್ತೇನೆ. ಆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಯೇ ಪೇಟಿಯ ಹಿರಿಯರ ಕಾಲುಪೇಟಿ ಕೇಳಿ ಬಂದೆ. ಯಾರೋ ಒಬ್ಬ ಎಂಜಿನಿಯರ್ ಕಟ್ಟೆಯ ಎತ್ತರವನ್ನು ಸರಿಯಾಗಿ ಅಳೆದರು, ಇಲ್ಲಿ ಒಬ್ಬ ಹೆಣ್ಣುಮಗಳು ಮನೆಯಿಂದ ಹೊರಬಿದ್ದಳು. ಅವರಿಗೆ ಈ ಪತ್ರದ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ.

ಈ ವಿಷಯಕ್ಕೆ ತಾವು ಒಂದು ಸಭೆ ಕರೆದರೆ ನಾವು ನಾಲ್ಕು ಜನ ಬರುತ್ತೇವೆ. ನಾನು ನನ್ನ ಸ್ಟ್ಯಾಂಡನ್ನೂ, ಅರ್ಧ ಗೋಪುರದ ಆ ಮೊದಲ ಬಟ್ಟೆಯನ್ನೂ ತರುತ್ತೇನೆ. ಬಡಿಗೇರರು ಅಳತೆ ವಿವರಿಸಲು ಒಪ್ಪಿದ್ದಾರೆ. ಪೇಟಿಯ ಹಿರಿಯರು ಬರುವುದಾದರೆ ಕಾಲುಪೇಟಿ ಸಾಗಿಸಲು ಒಂದು ಟೆಂಪೊ ಬೇಕಾಗುತ್ತದೆ, ಅದನ್ನು ನಾವೇ ನೋಡಿಕೊಳ್ಳುತ್ತೇವೆ. ಸಭೆಯನ್ನು ಮೆಟ್ಟಿಲಿಲ್ಲದ ಕೋಣೆಯಲ್ಲಿ ಇಡಿ ಎಂಬುದಷ್ಟೇ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ
ಸಾಧನಕೇರಿ, ಧಾರವಾಡ